ಮಲಗಿಸಬೇಡಿ, ಕೂರಿಸಿ

ಪ್ರಶ್ನೆ: ನಮ್ಮ ಅಪ್ಪನಿಗೆ 68 ವರ್ಷ. ನಾಲ್ಕು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಹೋದ ತಿಂಗಳು ನೆಂಟರ ಮದುವೆ ಮುಗಿಸಿ ಬಂದ ಮೂರನೇ ದಿನ, ರಾತ್ರಿ 2 ಗಂಟೆಗೆ ಏದುಸಿರು ಹತ್ತಿತು. ಎದ್ದು ಕೂತು, ಕಿಟಕಿ ತೆಗೆ ಅಂದರು. ಕೆಮ್ಮಿದಾಗ ನೊರೆ ಬಂತು. ಉಬ್ಬಸ ಅಂದುಕೊಂಡು ಅಮ್ಮನ ನೆಬ್ಯುಲೈಸರ್ ಇಟ್ಟೆವು. ಆಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ದಾರಿಯಲ್ಲಿ ಇನ್ನೂ ಜಾಸ್ತಿಯಾಯಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಬಿಗಿಯಾದ ಮಾಸ್ಕ್ ಹಾಕಿದರು. ಬೆಳಗಿನ ಹೊತ್ತಿಗೆ ಸುಧಾರಿಸಿದರು. ನಾವೇನು ತಪ್ಪು ಮಾಡಿದೆವು? ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇಟ್ಟುಕೊಳ್ಳಬೇಕಾ?
— ಓದುಗರೊಬ್ಬರು, ತಿಪಟೂರು

ಉತ್ತರ: ಮಲಗಿಸಿದ್ದು ತಪ್ಪಾಯಿತು. ಬೈಯುತ್ತಿಲ್ಲ. ತುರ್ತು ವಿಭಾಗಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥದೇ ಒಬ್ಬ ಅಜ್ಜಿಯನ್ನು ಮಲಗಿಸಲು ಹೋಗಿದ್ದೆ. ಅವರು ನನ್ನ ಕಾಲರ್ ಹಿಡಿದುಕೊಂಡು ಎದ್ದು ಕೂತರು.

ಹೃದಯದ ಎಡಭಾಗ ಸೋತಾಗ ರಕ್ತ ಮುಂದೆ ಸಾಗದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಲಿನ ಗಾಳಿಚೀಲಗಳಿಗೆ ನೀರು ಜಿನುಗುತ್ತದೆ. ನೀವು ಕಂಡ ನೊರೆ ಅದೇ. ಮಲಗಿದರೆ ಕಾಲಲ್ಲಿರುವ ರಕ್ತವೂ ಎದೆಗೆ ಬಂದು ಸೇರುತ್ತದೆ. ಕಾಲು ಇಳಿಬಿಟ್ಟು ಕೂತರೆ ಹೊರೆ ಕಮ್ಮಿ. ಇನ್ನು ಉಬ್ಬಸ ಅಂದುಕೊಂಡಿದ್ದಕ್ಕೆ ಬೇಜಾರು ಬೇಡ, ಇದರಲ್ಲೂ ಸುಂಯ್ ಅಂತ ಸದ್ದು ಬರುವುದುಂಟು. ಡಾಕ್ಟರುಗಳೂ ಮೋಸ ಹೋಗುತ್ತಾರೆ.

ಮತ್ತೆ ಹೀಗಾದರೆ ಮೊದಲು 108ಕ್ಕೆ ಫೋನ್ ಮಾಡಿ. ನಡೆಸಬೇಡಿ, ಮೆಟ್ಟಿಲಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಇಬ್ಬರು ಎತ್ತಿಕೊಳ್ಳಿ. ಸುಸ್ತಾಗಿದ್ದಾರೆ ಅಂತ ನೀರು ಕುಡಿಸಬೇಡಿ. ಡಾಕ್ಟರು ಹೇಳದೆ ನಾಲಿಗೆ ಕೆಳಗೆ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ಇಡಬೇಡಿ. ಬಿಪಿ ಮೊದಲೇ ಇಳಿದಿದ್ದರೆ ಇನ್ನೂ ಕುಸಿಯುತ್ತದೆ.

ಅವತ್ತು ಕೊಟ್ಟಿದ್ದು ಬಹುಶಃ ಫ್ಯೂರೋಸೆಮೈಡ್, ಲ್ಯಾಸಿಕ್ಸ್ ಅಂತ ಕೇಳಿರುತ್ತೀರಿ. ನರಕ್ಕೆ ಕೊಟ್ಟರೆ ಅರ್ಧ ಗಂಟೆಯೊಳಗೆ ಮೂತ್ರ ಚೆನ್ನಾಗಿ ಇಳಿಯಲು ಶುರುವಾಗುತ್ತದೆ. ಆಸ್ಪತ್ರೆ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಅದು ಬೀಳಬೇಕು ಅಂತ ನಾವು ಹೆಣಗುತ್ತೇವೆ. ಜೊತೆಗೆ ಇಸಿಜಿ, ಹೊಸದಾಗಿ ಅಟ್ಯಾಕ್ ಆಗಿದೆಯಾ ನೋಡಲು. ಆ ಬಿಗಿ ಮಾಸ್ಕ್ ಒತ್ತಡದಿಂದ ಗಾಳಿ ನೂಕಿ ಗಾಳಿಚೀಲಗಳನ್ನು ತೆರೆದಿಡುತ್ತದೆ.

ಆಕ್ಸಿಜನ್ ಮೆಷಿನ್ ಸದ್ಯಕ್ಕೆ ಬೇಡ. ಅದನ್ನು ನಂಬಿ ಮನೆಯಲ್ಲೇ ಹೊತ್ತು ಕಳೆಯುವವರನ್ನು ನೋಡಿದ್ದೇನೆ. ಒಂದು ತೂಕದ ಮೆಷಿನ್ ತನ್ನಿ. ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. 3 ದಿನದಲ್ಲಿ 2 ಕೆಜಿ ಏರಿದರೆ ಅದು ಊಟದ ಕೊಬ್ಬಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಮದುವೆಮನೆ ಹಪ್ಪಳ, ಉಪ್ಪಿನಕಾಯಿ ಕೂಡ ಕಾರಣ ಇರಬಹುದು. ಅಪ್ಪನನ್ನು ಇನ್ನೊಂದು ಮಾತು ಕೇಳಿ: ಓಡಾಟದ ಮಂಡಿನೋವಿಗೆ ಮೆಡಿಕಲ್ ಸ್ಟೋರ್ ಮಾತ್ರೆ ನುಂಗಿದ್ದರಾ? ಡೈಕ್ಲೋಫೆನಾಕ್‌ನಂಥವು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಮಾತ್ರೆ ಶೀಟನ್ನೂ ಚೀಲಕ್ಕೆ ಹಾಕಿಕೊಳ್ಳಿ.