ಮರು: ಒಂದೇ ಲೋಡಿಗೆ ಎರಡು ಬಿಲ್ ಯಾಕೆ?

ಚಿಕ್ಕಮಗಳೂರಿನ ನಿಮ್ಮ ಕಾಫಿ ಕ್ಯೂರಿಂಗ್‌ನ (ಕಾಫಿ ಸಂಸ್ಕರಣೆಯ) ಪೆಟ್ರಿ ನೆಟ್‌ನಲ್ಲಿ, ಅಂದ್ರೆ ಕೆಲಸದ ಹಂತಗಳ ನಕ್ಷೆಯಲ್ಲಿ, ಒಂದೇ ಲೋಡಿಗೆ ಎರಡು ಸಲ ಬಿಲ್ ಆಗ್ತಿದೆ ಅಂದ್ರಲ್ಲ ಸರ್, ತೂಕ ಮತ್ತು ತೇವಾಂಶ ಪರೀಕ್ಷೆ ಎರಡೂ 'ಬಿಲ್ಲಿಗೆ ರೆಡಿ' ಅನ್ನೋ ಒಂದೇ ಪ್ಲೇಸ್‌ಗೆ (ಸ್ಥಿತಿ ತೋರಿಸೋ ವೃತ್ತಕ್ಕೆ) ಟೋಕನ್ (ಚುಕ್ಕೆ) ಹಾಕ್ತಿವೆ. ಅಲ್ಲಿ ಎರಡು ಟೋಕನ್ ಇದ್ರೆ ಬಿಲ್ ಟ್ರಾನ್ಸಿಶನ್ (ಟೋಕನ್ ತಗೊಂಡು ನಡೆಯೋ ಕೆಲಸ) ಎರಡು ಸಲ ಫೈರ್ ಆಗೇ ಆಗುತ್ತೆ, ಅಂದ್ರೆ ಎರಡು ಸಲ ನಡೆಯುತ್ತೆ. 'ತೂಕ ಆಯ್ತು', 'ತೇವ ಸರಿಯಿದೆ' ಅಂತ ಬೇರೆ ಬೇರೆ ಪ್ಲೇಸ್ ಮಾಡಿ, ಎರಡರಿಂದಲೂ ಬಿಲ್ಲಿಗೆ ಆರ್ಕ್ (ಬಾಣ) ಎಳೀರಿ. ಎರಡೂ ಕಡೆ ಟೋಕನ್ ಬರೋವರೆಗೂ ಅದು ಕದಲಲ್ಲ.

ನನಗೆ ಭಯ ಇರೋದು ಹಸಿ ಮಾಲಿನದ್ದು. ತೇವ ಜಾಸ್ತಿ ಅಂತ ಚೆರಿ (ಕಾಫಿ ಹಣ್ಣು) ವಾಪಸ್ ಒಣಗಿಸೋ ಕಣಕ್ಕೆ ಹೋದ್ರೆ ತೂಕದ ಟೋಕನ್ ಅಲ್ಲೇ ಉಳಿಯುತ್ತೆ. ಮುಂದಿನ ಲಾರಿಯ ತೇವಕ್ಕೆ ಹಳೇ ಲಾರಿಯ ತೂಕ ಸೇರಿ ಬಿಲ್! 'ವಾಪಸ್' ಟ್ರಾನ್ಸಿಶನ್ ಆ ಟೋಕನ್ನನ್ನೂ ತೆಗೆದುಕೊಳ್ಳಬೇಕು. ಸಾದಾ ನೆಟ್‌ನಲ್ಲಿ ಟೋಕನ್‌ಗೆ ಗುರುತಿರಲ್ಲ. ಸೀಸನ್‌ನಲ್ಲಿ ಲಾರಿಗಳು ಸಾಲು ನಿಂತಾಗ ಕಲರ್ಡ್ ಪೆಟ್ರಿ ನೆಟ್ಟೇ (ಟೋಕನ್‌ಗೆ ಗುರುತು ಕೊಡೋ ನೆಟ್) ಬೇಕು, ಪ್ರತಿ ಟೋಕನ್‌ಗೂ ಲಾರಿ ನಂಬರ್ ಕಟ್ಟಿ.