ಹಳೆಯ ಬಣ್ಣ ತೆಗೆಯಲೇ ಎಂದು ಕೇಳಿದ್ದೀರಿ

ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ, ಅರ್ಧ ಬಣ್ಣ ಹಚ್ಚಿ ಕೈಬಿಟ್ಟ ವಾರ್‌ಹ್ಯಾಮರ್ ಬೊಂಬೆಗಳು, ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಸೈನಿಕರು. ಹಳೆಯ ಬಣ್ಣವನ್ನೆಲ್ಲ ತೆಗೆದು ಮೊದಲಿನಿಂದ ಹಚ್ಚಲೇ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಂಡುಬಿಡಲೇ? ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಮೂಗಿಗೆ ಅಸಿಟೋನ್ ವಾಸನೆ ಬಡಿಯಿತು.

2010ರಲ್ಲಿ ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೆ. ಈ ಆಟವನ್ನು ಹೊರತರುವ ಗೇಮ್ಸ್ ವರ್ಕ್‌ಶಾಪ್‌ನ ಕೇಂದ್ರ ಆ ಊರಿನ ಲೆಂಟನ್‌ನಲ್ಲಿದೆ, ಪ್ರದರ್ಶನಾಲಯವೂ ಅಲ್ಲೇ. ಮಳೆ ಬಂತೆಂದು ಒಳಗೆ ಹೊಕ್ಕವನು, ಹೆಬ್ಬೆರಳಿಗಿಂತ ಚಿಕ್ಕ ಸೈನಿಕರಿಗೆ ಕಣ್ಣಾಲಿಯ ಸಮೇತ ಬಣ್ಣ ಹಚ್ಚಿದ್ದನ್ನು ನೋಡಿ ಬೆರಗಾದೆ. ಸ್ಪೇಸ್ ಮರೀನ್ ಎಂಬ ಕವಚಧಾರಿ ಸೈನಿಕರು ಹತ್ತು ಹತ್ತು ಇರುವ ಎರಡು ಪೆಟ್ಟಿಗೆ, ಲೋಹದ ನಾಯಕನೊಬ್ಬ, ಎಂಟು ಡಬ್ಬಿ ಬಣ್ಣ ಹೊತ್ತು ಮನೆಗೆ ಬಂದೆ. ನಾಯಕನಿಗೂ ಹನ್ನೊಂದು ಸೈನಿಕರಿಗೂ ನೀಲಿ ಬಳಿಯುವಷ್ಟರಲ್ಲಿ ವಾಪಸಾಗುವ ದಿನ ಬಂತು. ಎಲ್ಲವೂ ಮೈಸೂರಿನ ಮನೆಯ ಅಟ್ಟ ಸೇರಿತು.

ಹನ್ನೊಂದು ವರ್ಷದ ನಂತರ, ದಸರಾ ಬೊಂಬೆಗಳ ಟ್ರಂಕನ್ನು ಇಳಿಸಲು ಅಮ್ಮ ನನ್ನನ್ನು ಅಟ್ಟಕ್ಕೆ ಹತ್ತಿಸಿದಾಗ ಆ ಪೆಟ್ಟಿಗೆ ಸಿಕ್ಕಿತು. ಬಣ್ಣದ ಡಬ್ಬಿಗಳನ್ನು ಅಲ್ಲಾಡಿಸಿದರೆ ಕಲ್ಲು ತುಂಬಿಟ್ಟಂತೆ ಸದ್ದು. ಅವೇ ಬಣ್ಣಗಳನ್ನು ಹುಡುಕಿದರೆ ಹೆಸರೇ ಇಲ್ಲ. 2012ರಲ್ಲಿ ಆ ಕಂಪನಿಯದೇ ಆದ ಸಿಟಾಡೆಲ್ ಬಣ್ಣಗಳಿಗೆ ಹೊಸ ನಾಮಕರಣವಾಗಿ, ನನ್ನ 'ಕೇಯಾಸ್ ಬ್ಲ್ಯಾಕ್' ಈಗ 'ಅಬ್ಯಾಡನ್ ಬ್ಲ್ಯಾಕ್' ಆಗಿತ್ತು. ಅದಕ್ಕಿಂತ ನೋವಾದದ್ದು ಸೈನಿಕರನ್ನು ನೋಡಿ. ದೋಸೆ ಹಿಟ್ಟಿನಲ್ಲಿ ಅದ್ದಿ ತೆಗೆದಂತೆ ದಪ್ಪಗೆ ಬಳಿದಿದ್ದೆ. ಇವನ್ನೆಲ್ಲ ತೊಳೆದು ಹೊಸದಾಗಿ ಹಚ್ಚಬೇಕೆಂದು ನಿರ್ಧರಿಸಿದೆ. "ಚೆನ್ನಾಗಿಯೇ ಇವೆಯಲ್ಲೋ, ಯಾಕೆ ತೊಳೆಯುತ್ತೀಯ?" ಎಂದರು ಅಮ್ಮ. ಅವರ ಪಟ್ಟದ ಬೊಂಬೆಗಳಲ್ಲಿ ರಾಣಿಯ ಮೂಗಿನ ಬಣ್ಣ ಹೋಗಿ ಮೂವತ್ತು ವರ್ಷವಾಗಿದೆ, ಅದನ್ನು ಮುಟ್ಟಲು ಅವರು ಯಾರಿಗೂ ಬಿಟ್ಟಿಲ್ಲ. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ನಾನು ಪರೀಕ್ಷೆ ಮಾಡದೆ ಮುನ್ನುಗ್ಗಿದವನಲ್ಲ. ಪರೀಕ್ಷೆ ಮಾಡಿದೆ, ಅದೇ ನನ್ನನ್ನು ಹಾಳು ಮಾಡಿತು. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಗಾಜಿನ ಭರಣಿಗೆ ಸುರಿದು ಲೋಹದ ನಾಯಕನನ್ನು ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಬಣ್ಣ ಸಿಪ್ಪೆಯಂತೆ ಸುಲಿದು, ಒಳಗಿನ ಲೋಹ ಹೊಸದರಂತೆ ಹೊಳೆಯಿತು. ಸೂಪರ್ ಗ್ಲೂ ಹಾಕಿ ಅಂಟಿಸಿದ್ದ ಕೈ ಕಳಚಿ ಬಿತ್ತು. ಅಂಟನ್ನೇ ಕರಗಿಸುವ ದ್ರವ ಇನ್ನೇನನ್ನು ಕರಗಿಸೀತು ಎಂದು ಆಗಲಾದರೂ ಯೋಚಿಸಬೇಕಿತ್ತು. ನಾನು ಹಿಗ್ಗಿನಲ್ಲಿದ್ದೆ. ಉಳಿದ ಹನ್ನೊಂದನ್ನೂ ಒಟ್ಟಿಗೆ ಭರಣಿಗೆ ಹಾಕಿ, ಮುಚ್ಚಳ ತಿರುವಿ, ಕಾಫಿ ಪುಡಿ ತರಲು ದೇವರಾಜ ಮಾರುಕಟ್ಟೆಗೆ ಹೋದೆ.

ಆ ಹನ್ನೊಂದೂ ಪ್ಲಾಸ್ಟಿಕ್. ಈ ಬೊಂಬೆಗಳ ಪ್ಲಾಸ್ಟಿಕ್ ಎಂದರೆ ಪಾಲಿಸ್ಟೈರೀನ್. ಗಣೇಶನ ಮಂಟಪಕ್ಕೆ ಕತ್ತರಿಸುವ ಥರ್ಮಾಕೋಲ್ ಇದೆಯಲ್ಲ, ಅದೂ ಇದೇ ವಸ್ತು, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೇ. ಅಸಿಟೋನ್ ಬಿದ್ದರೆ ಥರ್ಮಾಕೋಲ್ ಕುಸಿದು ಹೋಗುವುದನ್ನು ಶಾಲೆಯಲ್ಲೇ ನೋಡಿದ್ದೆ. ಹೋಗಲಿ, ಈ ಸೈನಿಕರನ್ನು ನಾನು ಜೋಡಿಸಿದ್ದೇ ಪ್ಲಾಸ್ಟಿಕ್ ಅಂಟಿನಿಂದ. ಆ ಅಂಟು ಕೆಲಸ ಮಾಡುವುದೇ ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿ ಬೆಸೆಯುವ ಮೂಲಕ. ಗೊತ್ತಿದ್ದ ಸಂಗತಿಗಳೇ ಎಲ್ಲ. ಗೊತ್ತಿದ್ದದ್ದು ಹೊತ್ತಿಗೆ ಒದಗಲಿಲ್ಲ.

ಮಾರುಕಟ್ಟೆಯಿಂದ ಬಂದು ನೋಡಿದರೆ ಭರಣಿಯಲ್ಲಿ ನೀಲಿ ಬೆರೆತ ಬೂದು ಗಂಜಿ. ಅಲ್ಲೊಂದು ಭುಜ, ಇಲ್ಲೊಂದು ಬಾಗಿದ ಬಂದೂಕು. ದುಡ್ಡು ಹೋದದ್ದಕ್ಕೆ ಅಷ್ಟು ಬೇಸರವಿಲ್ಲ. ಆ ಹನ್ನೊಂದರಲ್ಲಿ ಒಬ್ಬನಿಗೆ ಗುಲಾಬಿ ಶಿರಸ್ತ್ರಾಣವಿತ್ತು. ನಾಟಿಂಗ್‌ಹ್ಯಾಮ್‌ನ ಮನೆಯೊಡತಿಯ ಏಳು ವರ್ಷದ ಮಗಳು ಒಂದು ಭಾನುವಾರ ನನ್ನ ಪಕ್ಕ ಕುಳಿತು, ನಾಲಿಗೆ ಹೊರಚಾಚಿಕೊಂಡು ಹಚ್ಚಿದ್ದು. ಅವನೂ ಗಂಜಿಯಾದ.

ಆದ್ದರಿಂದ, ಬಣ್ಣವನ್ನು ಹೇಗೆ ತೆಗೆಯಲಿ ಎಂಬ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ತೆಗೆಯಬೇಡಿ. ಹಳೆಯ ಬಣ್ಣದ ಕೆಳಗೆ ಮಡಿಕೆ, ಗೆರೆ, ಬೆರಳು ಇನ್ನೂ ಕಾಣುತ್ತಿದ್ದರೆ ಸೋಪು ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಧೂಳು ತೊಳೆದು, ಒಣಗಿಸಿ, ಮೇಲೆಯೇ ತೆಳ್ಳಗೆ ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲು ಮೊದಲು ಹಾಕುವ ಸ್ಪ್ರೇ ಪದರ, ಹೊಡೆಯಿರಿ. ಮಳೆಗಾಲದ ತೇವದಲ್ಲಿ ಮಾತ್ರ ಬೇಡ, ಸ್ಪ್ರೇ ಕೆಟ್ಟು ಮೇಲ್ಮೈ ಮಂಕಾಗುತ್ತದೆ. ಅದರ ಮೇಲೆ ನೀರು ಬೆರೆಸಿದ ಅಕ್ರಿಲಿಕ್ ಎರಡು ಪದರ. ಮೊದಲ ಪದರ ಹರಕು ಮುರುಕಾಗಿ ಕಾಣುತ್ತದೆ. ಅಲ್ಲೇ ಎಲ್ಲರೂ ಹೆದರಿ ದಪ್ಪಗೆ ಬಳಿಯುವುದು, ನಾನೂ ಹಾಗೆಯೇ ಬಳಿದದ್ದು. ಸಹಿಸಿಕೊಂಡು ಒಣಗಲು ಬಿಡಿ. ಕೊನೆಗೆ ಕಂದು ವಾಷ್, ಅಂದರೆ ನೀರಿನಂತೆ ತೆಳುವಾದ ಬಣ್ಣ, ಎಳೆದರೆ ಸಂದುಗಳಲ್ಲಿ ನೆರಳು ತಾನಾಗಿಯೇ ನಿಲ್ಲುತ್ತದೆ, ಅರ್ಧ ತಪ್ಪುಗಳೂ ಮುಚ್ಚಿಹೋಗುತ್ತವೆ.

ಪದರ ಅಷ್ಟೊಂದು ದಪ್ಪವಾಗಿ ಮುಖವೇ ಕಾಣದಂತಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ, ಕಿಟಕಿ ತೆರೆದು, ಒಲೆಯಿಂದ ದೂರ. ಆಗಲೂ ಮೊದಲು ಅದೇ ಪೆಟ್ಟಿಗೆಯಲ್ಲಿ ಉಳಿದ, ಬೊಂಬೆಯ ಭಾಗಗಳನ್ನು ಕತ್ತರಿಸಿ ತೆಗೆದ ಖಾಲಿ ಚೌಕಟ್ಟಿನ ತುಂಡನ್ನು ಅದ್ದಿ ನೋಡಿ. ಅದೇ ವಸ್ತುವಿನ ತುಂಡು, ಲೋಹದ ನಾಯಕನಲ್ಲ! ಡೆಟಾಲ್‌ನಲ್ಲಿ ನೆನೆಸಿ ಎಂದು ಹೇಳುವವರೂ ಸಿಗುತ್ತಾರೆ. ಬಣ್ಣ ಬಿಡುತ್ತದೆ ನಿಜ, ಆದರೆ ನೀರು ತಾಗಿದೊಡನೆ ಅದು ಹಲಸಿನ ಮೇಣದಂತೆ ಕೈಗೆ ಅಂಟುತ್ತದೆ.

ಕುಂಚದ ವಿಷಯದಲ್ಲಿ, ಕೂದಲೆಳೆಯಂಥ ಸೊನ್ನೆ ಸೊನ್ನೆ ನಂಬರಿನವನ್ನು ಕೊಳ್ಳಬೇಡಿ, ಬೊಂಬೆಗೆ ತಾಗುವ ಮೊದಲೇ ತುದಿಯಲ್ಲಿ ಬಣ್ಣ ಒಣಗಿಬಿಡುತ್ತದೆ. ಚೂಪು ತುದಿಯ ಒಂದನೇ ನಂಬರಿನದು ಸಾಕು, ಕಣ್ಣಿಗೂ ಅದೇ. ಸ್ಟೀಲ್ ಡಬ್ಬದ ಮುಚ್ಚಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್ ಇಟ್ಟರೆ ಬಣ್ಣ ಸಂಜೆಯವರೆಗೂ ಹಸಿಯಾಗಿರುತ್ತದೆ.

ಬಣ್ಣ ಕಾಣದೆ ಉಳಿದಿದ್ದ ಒಂಬತ್ತು ಸೈನಿಕರನ್ನು ಮುಂದಿನ ದಸರಾದೊಳಗೆ ಹೀಗೆಯೇ ಮುಗಿಸಿದೆ. ಅಮ್ಮ ಅವರನ್ನು ಕೊನೆಯ ಮೆಟ್ಟಿಲಲ್ಲಿ, ಚನ್ನಪಟ್ಟಣದ ಆನೆಗಳ ಪಕ್ಕ ಸಾಲಾಗಿ ಕೂರಿಸಿದರು. ಲೋಹದ ನಾಯಕ ಮಾತ್ರ ಇನ್ನೂ ಬರಿಮೈಯಲ್ಲಿ, ಒಂಟಿಗೈಯಲ್ಲಿ ನನ್ನ ಮೇಜಿನ ಮೇಲಿದ್ದಾನೆ. ಅವನಿಗೆ ಗುಲಾಬಿ ಶಿರಸ್ತ್ರಾಣ ಕೊಡಬೇಕೆಂದಿದ್ದೇನೆ, ಆ ಗುಲಾಬಿ ಯಾವ ಛಾಯೆಯದೆಂದು ನೆನಪಾಗುತ್ತಿಲ್ಲ.

ಅಂದ ಹಾಗೆ, ಏರ್‌ಬ್ರಷ್ ಬೇಡ.