ನೆನಪು ನಿಜ, ತಾರೀಖು ತಪ್ಪು

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: "2000ದ ಜುಲೈ 30ರ ಸಂಜೆ ಶಾಲೆಯಿಂದ ಬಂದು ಬ್ಯಾಗ್ ಇಳಿಸುವ ಮೊದಲೇ ಟಿವಿಯಲ್ಲಿ ರಾಜ್‌ಕುಮಾರ್ ಅಪಹರಣದ ಸುದ್ದಿ ನೋಡಿದೆ. ಅಪ್ಪ ಕುರ್ಚಿ ಹಿಡಿದು ನಿಂತಿದ್ದರು. ಅಕ್ಕ ಒಪ್ಪುವುದಿಲ್ಲ. ಆ ದಿನ ನೀನು ಅಜ್ಜಿ ಮನೆಯಲ್ಲಿದ್ದೆ ಅನ್ನುತ್ತಾಳೆ. ಮಕ್ಕಳಿಗಾಗಿ ಮನೆಯ ನೆನಪುಗಳನ್ನು ಬರೆಯುತ್ತಿದ್ದೇನೆ. ಯಾರ ಮಾತು ಬರೆಯಲಿ?"

ಸಂಪಾದಕರ ಉತ್ತರ

ಮೊದಲು ಕ್ಯಾಲೆಂಡರ್ ನೋಡೋಣ. ಆ ಜುಲೈ 30 ಭಾನುವಾರ, ಶಾಲೆ ಇರುವ ದಿನವಲ್ಲ. ವೀರಪ್ಪನ್ ಗಾಜನೂರಿನ ಮನೆಗೆ ನುಗ್ಗಿದ್ದೇ ಅಂದು ರಾತ್ರಿ. ಹಾಗಾಗಿ ಅಂದಿನ ಸಂಜೆ ಆ ಸುದ್ದಿ ಬಂದಿರಲು ಸಾಧ್ಯವೇ ಇಲ್ಲ. ಇಷ್ಟಕ್ಕೇ ನಿಮ್ಮ ನೆನಪು ಸುಳ್ಳು ಎನ್ನಬೇಡಿ. ರಾಜ್‌ಕುಮಾರ್ ಬಿಡುಗಡೆಯಾದದ್ದು ನವೆಂಬರ್ 15ಕ್ಕೆ, 108 ದಿನಗಳ ಮೇಲೆ. ಅಷ್ಟೂ ಕಾಲ ಮನೆಮನೆಯಲ್ಲಿ ಅದೇ ಮಾತು, ಅದೇ ಸುದ್ದಿ. ಬ್ಯಾಗು, ಟಿವಿ, ಕುರ್ಚಿ ಹಿಡಿದ ಅಪ್ಪ, ಎಲ್ಲವೂ ನಡುವಿನ ಯಾವುದೋ ಸಂಜೆಯದ್ದಾಗಿರಬಹುದು. ಮೊದಲ ದಿನ ನೀವು ಅಜ್ಜಿ ಮನೆಯಲ್ಲಿದ್ದದ್ದೂ ನಿಜವಿರಬಹುದು.

ಇಂಥ ತಪ್ಪು ಎಲ್ಲರಿಂದಲೂ ಆಗುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತು. ಸುದ್ದಿ ಎಲ್ಲಿ, ಯಾರಿಂದ ತಿಳಿಯಿತೆಂದು ಮರುದಿನ ಬೆಳಿಗ್ಗೆಯೇ ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ಎಮೊರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ 44 ಮಂದಿಯನ್ನು ಅದನ್ನೇ ಕೇಳಿದಾಗ 11 ಮಂದಿಯ ಉತ್ತರ ಮುಖ್ಯ ಅಂಶಗಳಲ್ಲಿ ಪೂರ್ತಿ ತಪ್ಪಾಗಿತ್ತು. ತರಗತಿಯಲ್ಲಿ ಯಾರೋ ಮಾತಾಡಿಕೊಳ್ಳುವುದನ್ನು ಕೇಳಿದೆ ಎಂದು ಮೊದಲು ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು, ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯ ಜೊತೆ ಕೂತು ಟಿವಿಯಲ್ಲಿ ನೋಡಿದೆ ಎಂದಳು. ಸ್ವಂತ ಕೈಬರಹ ತೋರಿಸಿದರೂ ಹಳೆಯ ನೆನಪು ಯಾರಿಗೂ ಮರಳಲಿಲ್ಲ. ಹಾಗಾಗಿ "ಕಣ್ಣಿಗೆ ಕಟ್ಟಿದಂತಿದೆ" ಎಂಬುದನ್ನು ನೀವಾಗಲಿ ನಿಮ್ಮಕ್ಕನಾಗಲಿ ಸಾಕ್ಷಿಯೆಂದು ಮುಂದಿಡಬೇಡಿ. ಆಮೇಲೆ ನೋಡಿದ ಟಿವಿ ದೃಶ್ಯಗಳು, ಮತ್ತೆ ಮತ್ತೆ ಹೇಳಿದ ಕಥೆ, ಇವೇ ನೆನಪಿಗೆ ಹೊಳಪು ಕೊಟ್ಟಿರುತ್ತವೆ.

ಇನ್ನು ಬರೆಯುವ ಕ್ರಮ. ಅಕ್ಕನೂ ನೀವೂ ಮೊದಲು ಬೇರೆ ಬೇರೆಯಾಗಿ ಬರೆಯಿರಿ, ಆಮೇಲೆ ಮಾತಾಡಿ. ಒಮ್ಮೆ ಅವರ ವಿವರ ಕಿವಿಗೆ ಬಿದ್ದರೆ ಅದು ನಿಮ್ಮದರೊಳಗೆ ಬೆರೆತುಹೋಗುತ್ತದೆ. ಹಿರಿಯರನ್ನು ಕೇಳುವಾಗ ಉತ್ತರವನ್ನು ಪ್ರಶ್ನೆಯಲ್ಲೇ ಇಡಬೇಡಿ. "ಅಪ್ಪ ಅತ್ತರಾ?" ಎನ್ನುವ ಬದಲು "ಅಪ್ಪ ಏನು ಮಾಡಿದರು?" ಎಂದು ಕೇಳಿ. "ಯಾವಾಗ" ಎಂಬುದನ್ನು ಕೊನೆಗಿಡಿ. ನೆದರ್ಲೆಂಡ್ಸಿನ ಮನೋವಿಜ್ಞಾನಿ ವಿಲ್ಲೆಮ್ ವಾಖೆನಾರ್ ಆರು ವರ್ಷ ತಮ್ಮ ಬದುಕಿನ 2,400 ಘಟನೆಗಳನ್ನು ಬರೆದಿಟ್ಟು ತಮ್ಮನ್ನೇ ಪರೀಕ್ಷಿಸಿಕೊಂಡವರು. ಏನು ನಡೆಯಿತು ಎಂಬ ಸುಳಿವು ಅವರಿಗೆ ಹೆಚ್ಚು ನೆರವಾಯಿತು. ಬರೀ ತಾರೀಖಿನಿಂದ ಹೆಚ್ಚೇನೂ ಹೊಳೆಯುತ್ತಿರಲಿಲ್ಲ. ತಾರೀಖು ಬೇಕಾದಾಗ "ತಂಗಿ ಹುಟ್ಟುವ ಮೊದಲೋ ಆಮೇಲೋ", "ಹೊಸ ಮನೆಗೆ ಬಂದಾಗಿತ್ತಾ" ಎಂದು ಕೇಳಿಕೊಂಡು ಹತ್ತಿರ ಬನ್ನಿ.

ಕರಡಿನ ಪ್ರತಿ ವಾಕ್ಯದ ಅಂಚಿನಲ್ಲಿ ಗುರುತು ಹಾಕಿ: ಕಂಡದ್ದು, ಕೇಳಿದ್ದು, ಫೋಟೊ ನೋಡಿ ತಿಳಿದದ್ದು, ಊಹೆ. ಮೂರು ವರ್ಷ ವಯಸ್ಸಿಗೆ ಮುಂಚಿನ "ನೆನಪು"ಗಳು ಬಹುಮಟ್ಟಿಗೆ ಎರಡನೆಯದೋ ಮೂರನೆಯದೋ ಆಗಿರುತ್ತವೆ. ಲಗ್ನಪತ್ರಿಕೆ, ಅಂಚೆ ಮುದ್ರೆಯ ಹಳೇ ಪತ್ರ, ಫೋಟೊ ಹಿಂಬದಿಯ ಸ್ಟುಡಿಯೋ ಮುದ್ರೆ, ಇವನ್ನೆಲ್ಲ ಹುಡುಕಿ. ಹಳಬರ ವಯಸ್ಸನ್ನು ಮಾತ್ರ ಅಂಕಪಟ್ಟಿಯಿಂದ ಲೆಕ್ಕ ಹಾಕಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ಜನ್ಮದಿನಗಳು ಎಷ್ಟೋ.

ನಿಮ್ಮ ಪುಟದಲ್ಲಿ ಆ ಸಂಜೆ ಇರಲಿ, ಬ್ಯಾಗಿನ ಸಮೇತ. "ಜುಲೈ 30ರ ಸಂಜೆ" ಎಂಬುದನ್ನು ಹೊಡೆದು "ಅಪಹರಣದ ದಿನಗಳಲ್ಲಿ ಒಂದು ಸಂಜೆ" ಎಂದು ಬರೆಯಿರಿ. ಅದರ ಕೆಳಗೇ, ಮೊದಲ ದಿನ ನೀವು ಎಲ್ಲಿದ್ದಿರಿ ಎಂಬುದಕ್ಕೆ ಅಕ್ಕನ ಮಾತನ್ನು ಅವರ ಹೆಸರಿನಲ್ಲೇ ಕೊಡಿ.